ಮಟ್, ಆಲ್ಪೈನ್, ಏರ್ಕ್: ಲೈನ್ ಕಡಿದುಹೋಗುವ ಊರಿನಲ್ಲಿ ಮೂರು ಟರ್ಮಿನಲ್ ಇಮೇಲ್ ತಂತ್ರಾಂಶಗಳ ಹೋಲಿಕೆ

ಟರ್ಮಿನಲ್‌ನಲ್ಲಿ, ಅಂದರೆ ಕೀಲಿಗಳಿಂದಲೇ ನಡೆಸುವ ಬರಿಯ ಅಕ್ಷರಗಳ ಪರದೆಯಲ್ಲಿ, ಕೆಲಸ ಮಾಡುವ ಇಮೇಲ್ ತಂತ್ರಾಂಶಗಳನ್ನು ಹೋಲಿಸುವವರು ಸಾಮಾನ್ಯವಾಗಿ ಅವುಗಳ ವೇಗ, ಕೀಲಿಗಳ ಜೋಡಣೆ ಮತ್ತು ನೋಟವನ್ನು ಅಳೆಯುತ್ತಾರೆ. ಕೊಡಗಿನ ನಾಪೋಕ್ಲು ಸಮೀಪದ ಕಾಫಿ ತೋಟವೊಂದರ ಲೆಕ್ಕವನ್ನೂ ಪತ್ರವ್ಯವಹಾರವನ್ನೂ ನೋಡಿಕೊಳ್ಳುವ ನನಗೆ ಅವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಸಂಪರ್ಕ ನಡುವೆಯೇ ಕಡಿದಾಗ ಈ ತಂತ್ರಾಂಶ ಏನು ಮಾಡುತ್ತದೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆಗೆ ಮರ ಬಿದ್ದು ತಂತಿ ಹರಿಯುವುದು ಇಲ್ಲಿ ವಿಶೇಷವಲ್ಲ. ಕರೆಂಟು ಹೋದ ಮೇಲೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಮೊಬೈಲ್ ಸಿಗ್ನಲ್ ಇರುತ್ತದೆ. ಅದೇ ದಿನಗಳಲ್ಲಿ ಕಾಫಿ ಸಂಸ್ಕರಿಸುವ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಿಂದ ಎಷ್ಟು ಬೀಜ ಸಿಕ್ಕಿತೆಂದು ತಿಳಿಸುವ ಔಟ್‌ಟರ್ನ್ ವರದಿ ಬರುತ್ತದೆ, ವ್ಯಾಪಾರಿಗಳು 50 ಕಿಲೋ ಚೀಲದ ಲೆಕ್ಕದಲ್ಲಿ ರೋಬಸ್ಟಾ ಚೆರ್ರಿಯ ದರ ಕಳುಹಿಸುತ್ತಾರೆ, ಬ್ಯಾಂಕಿನವರು ಕಾಗದ ಕೇಳುತ್ತಾರೆ. ಉತ್ತರ ತಡವಾದರೆ ನಷ್ಟ ನಮ್ಮದೇ. ಬ್ರೌಸರಿನಲ್ಲಿ ತೆರೆಯುವ ವೆಬ್‌ಮೇಲ್ ಇಂಥ ಸಂಪರ್ಕದಲ್ಲಿ ಅರ್ಧ ಪುಟ ತೋರಿಸಿ ನಿಂತುಬಿಡುವುದರಿಂದ ನಾನು ಟರ್ಮಿನಲ್ ತಂತ್ರಾಂಶಗಳ ಕಡೆಗೆ ಹೊರಳಿದೆ. ಹಳೆಯ ಲ್ಯಾಪ್‌ಟಾಪೊಂದರಲ್ಲಿ ಲಿನಕ್ಸ್ ಹಾಕಿಕೊಂಡು ಆಲ್ಪೈನ್, ಮಟ್ ಮತ್ತು ಏರ್ಕ್ ಈ ಮೂರನ್ನೂ ಮಳೆಗಾಲದಲ್ಲಿ ದಿನನಿತ್ಯದ ಕೆಲಸಕ್ಕೆ ಬಳಸಿ ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೂರರಲ್ಲಿ ಹಿರಿಯ ಪರಂಪರೆ ಆಲ್ಪೈನ್‌ನದು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಆರಂಭವಾದ ಪೈನ್ ಎಂಬ ತಂತ್ರಾಂಶವನ್ನು ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗೆ ಹೊಂದುವಂತೆ ಮತ್ತೆ ಕಟ್ಟಿ, ಮುಕ್ತ ಪರವಾನಗಿಯಡಿ 2007ರಲ್ಲಿ ಆಲ್ಪೈನ್ ಎಂಬ ಹೆಸರಿನಲ್ಲಿ ಹೊರತಂದರು. ಮಟ್ ಅನ್ನು ಮೈಕಲ್ ಎಲ್ಕಿನ್ಸ್ 1995ರಲ್ಲಿ ಬರೆದರು. ಅದರಿಂದ ಕವಲೊಡೆದ ನಿಯೋಮಟ್‌ನ ಸಂರಚನೆಯ (ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವ) ಭಾಷೆ ಬಹುಪಾಲು ಅದೇ ಆಗಿರುವುದರಿಂದ ಇಲ್ಲಿ ಎರಡನ್ನೂ ಒಟ್ಟಿಗೇ ಪರಿಗಣಿಸಿದ್ದೇನೆ. ಏರ್ಕ್ ಹೊಸದು. ಡ್ರೂ ಡಿವಾಲ್ಟ್ ಗೋ ಭಾಷೆಯಲ್ಲಿ ಬರೆದ ಅದರ ಮೊದಲ ಬಿಡುಗಡೆ 2019ರದು.

ಆಲ್ಪೈನ್ ಅನ್ನು ಬಳಸಲು ಯಾವ ಕೈಪಿಡಿಯೂ ಬೇಕಾಗಿಲ್ಲ. ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ ಆ ಕ್ಷಣಕ್ಕೆ ಒತ್ತಬಹುದಾದ ಕೀಲಿಗಳು ಸದಾ ಕಾಣುತ್ತಿರುತ್ತವೆ, ಸೆಟಪ್ ಪುಟದಲ್ಲಿ ಹೆಸರು, ಸರ್ವರ್ ವಿಳಾಸ ಮತ್ತು ಹೊರಹೋಗುವ ಮೇಲ್‌ನ ವಿಳಾಸ ತುಂಬಿದರೆ ಕೆಲಸ ಆರಂಭವಾಗುತ್ತದೆ, ಪ್ರತಿ ಆಯ್ಕೆಯ ಮೇಲೂ ನಿಂತು ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಅದರ ವಿವರಣೆ ಅಲ್ಲೇ ತೆರೆದುಕೊಳ್ಳುತ್ತದೆ. ಬರೆಯುವುದಕ್ಕೆ ಅದರದೇ ಪೀಕೋ ಎಂಬ ಪಠ್ಯ ಸಂಪಾದಕ ಇದೆ. ಲಿನಕ್ಸ್‌ನಲ್ಲಿ ನ್ಯಾನೋ ಸಂಪಾದಕ ಬಳಸಿ ಗೊತ್ತಿರುವವರಿಗೆ ಅದು ಹೊಸದೆನಿಸುವುದಿಲ್ಲ, ಏಕೆಂದರೆ ನ್ಯಾನೋ ಹುಟ್ಟಿದ್ದೇ ಪೀಕೋದ ಮಾದರಿಯಲ್ಲಿ. ಕಕ್ಕಬ್ಬೆಯಲ್ಲಿ ಹೋಮ್‌ಸ್ಟೇ ನಡೆಸುವ ನನ್ನ ದೊಡ್ಡಪ್ಪನ ಮಗ ಕಮಾಂಡ್ ಲೈನ್ ಕಂಡವರೇ ಅಲ್ಲ. ಅವರಿಗೆ ಆಲ್ಪೈನ್ ಹಾಕಿಕೊಟ್ಟ ಸಂಜೆಯೇ ಅವರು ಅತಿಥಿಗಳ ಪತ್ರಗಳಿಗೆ ತಾವೇ ಉತ್ತರ ಬರೆಯತೊಡಗಿದರು. ಉಳಿದ ಎರಡು ತಂತ್ರಾಂಶಗಳಿಂದ ಇದನ್ನು ನಿರೀಕ್ಷಿಸುವಂತಿಲ್ಲ.

ಆದರೆ ಆಲ್ಪೈನ್‌ನ ಮೂಲ ಕಲ್ಪನೆಯೇ ಸರ್ವರಿನೊಂದಿಗೆ ನೇರವಾಗಿ ಮಾತನಾಡುತ್ತಾ ಇರುವುದು. ಪತ್ರಗಳು ಸರ್ವರಿನಲ್ಲಿರುತ್ತವೆ, ಅದು ಅಲ್ಲಿಂದಲೇ ತಂದು ತೋರಿಸುತ್ತದೆ. ಲೈನ್ ಹೋದಾಗ ಅದು ಉತ್ತರಕ್ಕಾಗಿ ಕಾಯುತ್ತದೆ, ಕಾಯುತ್ತಿರುವಾಗ ಪರದೆ ಕದಲುವುದಿಲ್ಲ, ಸ್ವಲ್ಪ ಹೊತ್ತಿನ ಬಳಿಕ ಸಂಪರ್ಕವನ್ನು ಮುರಿಯಲೇ ಎಂದು ಕೇಳುತ್ತದೆ. ಮುರಿ ಎಂದರೆ ಪೆಟ್ಟಿಗೆ ಮುಚ್ಚಿಹೋಗುತ್ತದೆ, ನಿನ್ನೆ ಓದಿದ್ದ ಔಟ್‌ಟರ್ನ್ ವರದಿಯೂ ಇವತ್ತು ಕೈಗೆ ಸಿಗುವುದಿಲ್ಲ. ಬರೆಯುತ್ತಿದ್ದ ಪತ್ರವನ್ನು ಮಾತ್ರ ಅದು ಕಳೆದುಹಾಕುವುದಿಲ್ಲ. ಕಂಟ್ರೋಲ್ ಮತ್ತು ಓ ಒತ್ತಿ ಮುಂದೂಡಿದರೆ ಅದು ನಮ್ಮ ಯಂತ್ರದಲ್ಲೇ ಉಳಿಯುತ್ತದೆ. ಹಾಗಿದ್ದರೂ, ಕಳುಹಿಸುವ ಹೊತ್ತಿಗೆ ಮತ್ತೆ ನಾವೇ ನೆನಪಿಟ್ಟು ಕೂರಬೇಕು.

ಮಟ್ ಇದರ ವಿರುದ್ಧ ತುದಿಯಲ್ಲಿ ನಿಲ್ಲುತ್ತದೆ. ಮಟ್ ಕೂಡ ಸರ್ವರಿನೊಂದಿಗೆ ನೇರವಾಗಿ ಮಾತನಾಡಬಲ್ಲದು, ಆದರೆ ಅದನ್ನು ಹಾಗೆ ಬಳಸಿದರೆ ಆಲ್ಪೈನ್ ಬಿಟ್ಟು ಬಂದದ್ದಕ್ಕೆ ಅರ್ಥವೇ ಇರುವುದಿಲ್ಲ. ಅದರ ನಿಜವಾದ ಶಕ್ತಿ ಕಾಣುವುದು ಕೆಲಸವನ್ನು ಮೂರು ಕೈಗಳಿಗೆ ಹಂಚಿದಾಗ: ಪತ್ರಗಳನ್ನು ತರುವುದು ಎಂಬಿಸಿಂಕ್, ಓದುವುದು ಬರೆಯುವುದು ಮಟ್, ಕಳುಹಿಸುವುದು ಎಂಎಸ್‌ಎಂಟಿಪಿ. ಎಂಬಿಸಿಂಕ್‌ನ ಸಂರಚನಾ ಕಡತದಲ್ಲಿ ಸರ್ವರ್ ಖಾತೆ, ಸರ್ವರಿನ ಕಡೆಯ ಸಂಗ್ರಹ, ನಮ್ಮ ಕಡೆಯ ಸಂಗ್ರಹ, ಇವೆರಡನ್ನು ಜೋಡಿಸುವ ಚಾನೆಲ್ ಎಂದು ನಾಲ್ಕು ಭಾಗಗಳಿವೆ. ಅದು ಎರಡೂ ಕಡೆಗೆ ಸಿಂಕ್ ಮಾಡುತ್ತದೆ. ಕರೆಂಟು ಇಲ್ಲದ ರಾತ್ರಿ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಕುಳಿತು ನಾನು ಓದಿದ, ಅಳಿಸಿದ, ಬೇರೆ ಪೆಟ್ಟಿಗೆಗೆ ಸರಿಸಿದ ಪತ್ರಗಳೆಲ್ಲ ಮರುದಿನ ಸಿಗ್ನಲ್ ಬಂದಾಗ ಸರ್ವರಿನಲ್ಲಿಯೂ ಹಾಗೆಯೇ ಆಗುತ್ತವೆ. ಇತ್ತೀಚಿನ ಆವೃತ್ತಿಗಳಲ್ಲಿ ಗಾತ್ರಕ್ಕೆ ಮಿತಿ ಹಾಕಿದರೆ ದೊಡ್ಡ ಲಗತ್ತು ಇರುವ ಪತ್ರದ ಬದಲು ಒಂದು ಸಣ್ಣ ಸೂಚನಾ ಪತ್ರ ಮಾತ್ರ ಇಳಿಯುತ್ತದೆ, ಅದಕ್ಕೆ ಫ್ಲ್ಯಾಗ್ ಹಾಕಿದರೆ ಮುಂದಿನ ಸಲ ಪೂರ್ತಿ ಪತ್ರ ಬರುತ್ತದೆ. ಅತಿಥಿಗಳು ಕಳುಹಿಸುವ ಫೋಟೋಗಳ ಕಂತೆಯ ಹಿಂದೆ ವ್ಯಾಪಾರಿಯ ಎರಡು ಸಾಲಿನ ದರಪತ್ರ ಸಿಕ್ಕಿಕೊಳ್ಳದಂತೆ ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ.

ಈ ಸಂಗ್ರಹದ ವಿನ್ಯಾಸವಾದ ಮೇಲ್‌ಡಿರ್ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕರೆಂಟು ಹೇಳದೆ ಕೇಳದೆ ಹೋಗುವ ಕಡೆ ಅದರ ಬೆಲೆ ತಿಳಿಯುತ್ತದೆ. ಹಳೆಯ ಎಂಬಾಕ್ಸ್ ವಿನ್ಯಾಸದಲ್ಲಿ ಒಂದು ಪೆಟ್ಟಿಗೆಯ ಎಲ್ಲ ಪತ್ರಗಳೂ ಒಂದೇ ಕಡತದಲ್ಲಿ ಒಂದರ ಹಿಂದೆ ಒಂದರಂತೆ ಇರುತ್ತವೆ. ಆ ಕಡತವನ್ನು ತಿದ್ದಿ ಬರೆಯುತ್ತಿರುವಾಗ ಯಂತ್ರ ಆರಿಹೋದರೆ ಇಡೀ ಪೆಟ್ಟಿಗೆಗೆ ಪೆಟ್ಟು ಬೀಳಬಹುದು. ಡೇನಿಯಲ್ ಬರ್ನ್‌ಸ್ಟೈನ್ ತಮ್ಮ ಕ್ಯೂಮೇಲ್ ಸರ್ವರಿಗಾಗಿ ರೂಪಿಸಿದ ಮೇಲ್‌ಡಿರ್‌ನಲ್ಲಿ ಪ್ರತಿ ಪತ್ರವೂ ಪ್ರತ್ಯೇಕ ಕಡತ. ಹೊಸ ಪತ್ರವು ಮೊದಲು ತಾತ್ಕಾಲಿಕ ಫೋಲ್ಡರಿನಲ್ಲಿ ಪೂರ್ತಿಯಾಗಿ ಬರೆಯಲ್ಪಟ್ಟು, ಆಮೇಲೆ ಮಾತ್ರ ಹೊಸ ಪತ್ರಗಳ ಫೋಲ್ಡರಿಗೆ ಬರುತ್ತದೆ. ಅರ್ಧಕ್ಕೆ ನಿಂತ ಪತ್ರ ತಾತ್ಕಾಲಿಕ ಫೋಲ್ಡರಿನಲ್ಲೇ ಉಳಿದು, ಉಳಿದವುಗಳನ್ನು ಮುಟ್ಟುವುದಿಲ್ಲ. ಮಟ್ ಮತ್ತು ಏರ್ಕ್ ಎರಡೂ ಇದನ್ನು ನೇರವಾಗಿ ಓದುತ್ತವೆ. ಆಲ್ಪೈನ್‌ಗೆ ಅದಕ್ಕಾಗಿ ಪ್ರತ್ಯೇಕ ಪ್ಯಾಚ್ (ಹೆಚ್ಚುವರಿ ತಿದ್ದುಪಡಿ) ಹಾಕಿದ ಆವೃತ್ತಿ ಬೇಕು.

ಕಳುಹಿಸುವ ಕಡೆಯ ವ್ಯತ್ಯಾಸ ಇನ್ನೂ ದೊಡ್ಡದು. ಎಂಎಸ್‌ಎಂಟಿಪಿಯೊಂದಿಗೆ ಬರುವ ಸರತಿ ಸ್ಕ್ರಿಪ್ಟ್ (ಪುಟ್ಟ ಆಜ್ಞಾ ಕಡತ) ಅನ್ನು ಮಟ್‌ನ ಕಳುಹಿಸುವ ಆಜ್ಞೆಯಾಗಿ ಕೊಟ್ಟರೆ, ಸಂಪರ್ಕ ಇಲ್ಲದಾಗ ಪತ್ರ ಸರತಿಯಲ್ಲಿ ನಿಲ್ಲುತ್ತದೆ, ಮಟ್‌ನ ಮಟ್ಟಿಗೆ ಅದು ಹೋದಂತೆಯೇ. ಸಿಗ್ನಲ್ ಬಂದಾಗ ಒಂದು ಆಜ್ಞೆ ಕೊಟ್ಟರೆ, ಅಥವಾ ಹೊತ್ತುಹೊತ್ತಿಗೆ ಆಜ್ಞೆಗಳನ್ನು ನಡೆಸುವ ಕ್ರಾನ್‌ಗೆ ಒಪ್ಪಿಸಿದ್ದರೆ ತಾನಾಗಿಯೇ, ಎಲ್ಲ ಪತ್ರಗಳೂ ಹೊರಡುತ್ತವೆ. ನಾನು ರಾತ್ರಿ ಬರೆದ ಉತ್ತರಗಳು ಬೆಳಗಿನ ಜಾವ ಸಿಗ್ನಲ್ ಮೂಡಿದ ಹತ್ತು ನಿಮಿಷದಲ್ಲಿ ಯಾರೂ ಎದ್ದು ಕೂರದೆಯೇ ಹೊರಟುಹೋಗುವುದು ಈ ಏರ್ಪಾಟಿನಿಂದ.

ಮಟ್‌ನ ಕಷ್ಟವನ್ನೂ ಹೇಳಬೇಕು. ಸಂರಚನೆಯಿಲ್ಲದ ಮಟ್ ಬರಿಯ ಕಂಬಗಳನ್ನು ನಿಲ್ಲಿಸಿದ ಮನೆಯಂತೆ. ಗೋಡೆ, ಸೂರು, ಬಾಗಿಲುಗಳನ್ನೆಲ್ಲ ನಾವೇ ಕಟ್ಟಿಕೊಳ್ಳಬೇಕು. ಪತ್ರಗಳನ್ನು ಸಂಭಾಷಣೆಯ ಎಳೆಗಳಾಗಿ ಜೋಡಿಸುವುದು, ಪತ್ರಗಳ ತಲೆಬರಹದ ವಿವರಗಳನ್ನು ಬೇಗ ಸಿಗುವಂತೆ ಉಳಿಸುವ ಹೆಡರ್ ಕ್ಯಾಶ್ ಇಡುವುದು, ಪಕ್ಕದ ಪಟ್ಟಿಯಲ್ಲಿ ಪೆಟ್ಟಿಗೆಗಳನ್ನು ತೋರಿಸುವುದು, ವೆಬ್‌ಪುಟದ ರೂಪದಲ್ಲಿರುವ ಎಚ್‌ಟಿಎಂಎಲ್ ಪತ್ರಗಳನ್ನು ಡಬ್ಲ್ಯು3ಎಂ ಎಂಬ ಟರ್ಮಿನಲ್ ಬ್ರೌಸರಿನ ಮೂಲಕ ಪಠ್ಯವಾಗಿಸುವುದು, ಇವೆಲ್ಲಕ್ಕೂ ಒಂದೊಂದು ಸಾಲು ಬರೆಯಬೇಕು, ಕೊನೆಯದಕ್ಕಂತೂ ಮೇಲ್‌ಕ್ಯಾಪ್ ಎಂಬ ಇನ್ನೊಂದು ಕಡತವೇ ಬೇಕು. ಜಿಮೇಲ್ ಖಾತೆಯಾದರೆ ಕಳುಹಿಸಿದ ಪತ್ರದ ಪ್ರತಿಯನ್ನು ಮಟ್ ಉಳಿಸದಂತೆ ಮಾಡಬೇಕು, ಇಲ್ಲವಾದರೆ ಜಿಮೇಲ್ ತಾನೇ ಉಳಿಸುವ ಪ್ರತಿಯೂ ಸೇರಿ ಎಲ್ಲವೂ ಜೋಡಿ ಜೋಡಿಯಾಗುತ್ತವೆ. ಇಷ್ಟಾದ ಮೇಲೆ ದೊರೆಯುವುದು, ಶೋಧದ ಮಿತಿಯನ್ನು ಕಳುಹಿಸಿದವರು, ದಿನಾಂಕ, ಗಾತ್ರ, ವಿಷಯ ಯಾವುದರಿಂದ ಬೇಕಾದರೂ ಹಾಕಿ, ಉಳಿದವನ್ನು ಗುಂಪಾಗಿ ಗುರುತಿಸಿ, ಒಂದೇ ಬಾರಿಗೆ ಸರಿಸುವ ಅಥವಾ ಅಳಿಸುವ ಹಿಡಿತ. ಕೊಯ್ಲು ಮುಗಿದ ಮೇಲೆ ವರ್ಷದ ಪತ್ರಗಳನ್ನು ವ್ಯಾಪಾರಿವಾರು ವಿಂಗಡಿಸುವ ಕೆಲಸದಲ್ಲಿ ಈ ಹಿಡಿತಕ್ಕೆ ಸಮನಾದದ್ದು ಉಳಿದ ಎರಡರಲ್ಲಿ ಇಲ್ಲ.

ಏರ್ಕ್ ನನಗೆ ಬಳಸಲು ಅತ್ಯಂತ ಹಿತವೆನಿಸಿದ್ದು. ಮೊದಲ ಸಲ ತೆರೆದಾಗಲೇ ಖಾತೆಯ ವಿವರ ಕೇಳುತ್ತಾ ಹೋಗುತ್ತದೆ. ಪ್ರತಿ ಪತ್ರವೂ, ಬರೆಯುತ್ತಿರುವ ಪ್ರತಿ ಉತ್ತರವೂ ಒಂದು ಟ್ಯಾಬ್. ಸಂಪಾದಕ ಕೂಡ ಅದರೊಳಗಿನ ಪುಟ್ಟ ಟರ್ಮಿನಲ್‌ನಲ್ಲೇ ನಡೆಯುತ್ತದೆ. ದರದ ಬಗ್ಗೆ ಉತ್ತರ ಬರೆಯುತ್ತಿರುವಾಗ ಪಕ್ಕದ ಟ್ಯಾಬಿಗೆ ಹೋಗಿ ಹಿಂದಿನ ವಾರದ ದರಪತ್ರವನ್ನು ನೋಡಿ ಮರಳಬಹುದು. ಮಟ್‌ನಲ್ಲಿ ಸಂಪಾದಕ ಇಡೀ ಪರದೆಯನ್ನು ಆಕ್ರಮಿಸುತ್ತದೆ. ಮೂಲ ಮಟ್‌ನ 2020ರ 2.0 ಆವೃತ್ತಿಯಲ್ಲಿ ಹಿನ್ನೆಲೆಯಲ್ಲಿ ಬರೆಯುವ ಸೌಲಭ್ಯ ಬಂದಿದೆಯಾದರೂ ಅದು ಟ್ಯಾಬುಗಳಷ್ಟು ಸಹಜವಾಗಿಲ್ಲ. ಸರ್ವರಿನೊಂದಿಗಿನ ಮಾತುಕತೆ ಹಿನ್ನೆಲೆಯಲ್ಲಿ ನಡೆಯುವುದರಿಂದ ಲೈನ್ ಕಡಿದಾಗ ಏರ್ಕ್‌ನ ಪರದೆ ಹೆಪ್ಪುಗಟ್ಟುವುದಿಲ್ಲ, ಅದು ಮರುಸಂಪರ್ಕಕ್ಕೆ ತಾನೇ ಪ್ರಯತ್ನಿಸುತ್ತಿರುತ್ತದೆ. ಆದರೆ ನೇರ ಸಂಪರ್ಕದಲ್ಲಿ ಬಳಸುವಾಗ ಪತ್ರದ ಒಡಲು ತೆರೆದಾಗ ಮಾತ್ರ ಬರುತ್ತದೆ; ಲೈನ್ ಇಲ್ಲದಿದ್ದರೆ ಪಟ್ಟಿ ಕಾಣುತ್ತದೆ, ಪತ್ರ ಕಾಣುವುದಿಲ್ಲ. ಇದಕ್ಕೆ ಪರಿಹಾರ ಸುಲಭವಾಗಿದೆ: ಖಾತೆಯ ಮೂಲವಾಗಿ ಸರ್ವರಿನ ಬದಲು ಎಂಬಿಸಿಂಕ್ ತುಂಬಿಸುವ ಅದೇ ಮೇಲ್‌ಡಿರ್ ಅನ್ನೂ, ಕಳುಹಿಸುವ ದಾರಿಯಾಗಿ ಅದೇ ಸರತಿ ಸ್ಕ್ರಿಪ್ಟ್ ಅನ್ನೂ ಕೊಡಬೇಕು. ಆಗ ಮಟ್‌ಗೂ ಏರ್ಕ್‌ಗೂ ಲೈನ್ ಕಡಿತದ ವಿಷಯದಲ್ಲಿ ಅಂತರವೇ ಉಳಿಯುವುದಿಲ್ಲ, ಮತ್ತು ಒಂದೇ ಸಂಗ್ರಹವನ್ನು ಎರಡರಲ್ಲೂ ತೆರೆಯಬಹುದು.

ಹಾಗಿದ್ದರೂ ನಾನು ಮಟ್‌ನಲ್ಲೇ ಉಳಿದದ್ದು ಕನ್ನಡದ ಕಾರಣಕ್ಕೆ. ಟರ್ಮಿನಲ್ ತನ್ನ ಪರದೆಯನ್ನು ಸಮ ಅಗಲದ ಮನೆಗಳಾಗಿ ವಿಭಜಿಸುತ್ತದೆ. ಒತ್ತಕ್ಷರ, ಗುಣಿತಗಳಿರುವ ಲಿಪಿ ಆ ಮನೆಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್‌ನಲ್ಲಿ ಚೆಟ್ಟಳ್ಳಿ, ಗೋಣಿಕೊಪ್ಪಲು ಎಂಬ ಹೆಸರುಗಳು ಒತ್ತುಗಳು ಬಿಡಿಬಿಡಿಯಾಗಿ ಒಡೆದು ಕಾಣುತ್ತವೆ. ಭಾರತೀಯ ಲಿಪಿಗಳನ್ನು ಲಕ್ಷ್ಯದಲ್ಲಿಟ್ಟು ಕೆಲಸ ಮಾಡಿರುವ ಎಂಎಲ್‌ಟರ್ಮ್‌ನಲ್ಲಿ ಅಕ್ಷರಗಳು ಕೂಡಿಕೊಂಡು ಓದಲು ಬರುತ್ತವೆ, ಸಾಲಿನ ಅಂಚು ಮಾತ್ರ ಅಲ್ಲಲ್ಲಿ ಏರುಪೇರಾಗುತ್ತದೆ. ಹೀಗಾಗಿ ಕನ್ನಡದ ಮಟ್ಟಿಗೆ ಇಮೇಲ್ ತಂತ್ರಾಂಶಕ್ಕಿಂತ ಟರ್ಮಿನಲ್‌ನ ಆಯ್ಕೆಯೇ ಹೆಚ್ಚು ಮುಖ್ಯ, ಮತ್ತು ಯಂತ್ರದ ಲೊಕೇಲ್ (ಭಾಷೆಯ ಹೊಂದಿಕೆ) ಯೂನಿಕೋಡ್ ಬಳಸುವ ಯುಟಿಎಫ್-8 ಆಗಿರುವುದು ಅತ್ಯಗತ್ಯ. ಏರ್ಕ್‌ನಲ್ಲಿ ಪತ್ರವೂ ಸಂಪಾದಕವೂ ಒಳಗಿನ ಇನ್ನೊಂದು ಟರ್ಮಿನಲ್ ಮೂಲಕ ಹಾದುಬರುವುದರಿಂದ ಅಕ್ಷರದ ಅಗಲದ ಲೆಕ್ಕ ಎರಡು ಕಡೆ ನಡೆಯುತ್ತದೆ. ನನ್ನ ಯಂತ್ರದಲ್ಲಿ ಕನ್ನಡ ಬರೆಯುವಾಗ ಕರ್ಸರ್ ಅಕ್ಷರದಿಂದ ದೂರ ಸರಿದು, ತಿದ್ದುವುದು ದುಸ್ತರವಾಯಿತು. ಮಟ್‌ನಲ್ಲಿ ಸಂಪಾದಕವಾಗಿ ಟರ್ಮಿನಲ್ ಹೊರಗಿನ ಕಿಟಕಿಯಲ್ಲಿ ತೆರೆಯುವ ಜಿವಿಮ್ ಅನ್ನು, ಮುಗಿಯುವವರೆಗೆ ಕಾಯುವ ಆಯ್ಕೆಯೊಂದಿಗೆ ಕೊಟ್ಟಿದ್ದೇನೆ. ಇನ್ನೊಂದು ಸಂಪಾದಕವಾದ ಇಮ್ಯಾಕ್ಸ್ 2020ರ 27ನೇ ಆವೃತ್ತಿಯಿಂದ, ಅಕ್ಷರಗಳನ್ನು ಕೂಡಿಸಿ ಮೂಡಿಸುವ ಹಾರ್ಫ್‌ಬಜ್ ಬಳಸುವುದರಿಂದ ಅದರ ಕಿಟಕಿಯಲ್ಲಿ ಕನ್ನಡ ಇನ್ನೂ ಅಚ್ಚುಕಟ್ಟಾಗಿ ಮೂಡುತ್ತದೆ. ಇಮ್ಯಾಕ್ಸ್ ಬಲ್ಲವರು ಅದನ್ನೇ ಕೊಡಬಹುದು. ಉದ್ದದ ಕನ್ನಡ ಪತ್ರ ಬಂದರೆ ವಿ ಒತ್ತಿ ಭಾಗಗಳ ಪಟ್ಟಿ ತೆರೆದು, ಎಚ್‌ಟಿಎಂಎಲ್ ಭಾಗವನ್ನು ಬ್ರೌಸರಿನಲ್ಲಿ ಓದುತ್ತೇನೆ.

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚು ಮಾಡಿದ, ಯೂನಿಕೋಡ್ ಅಲ್ಲದ ಪಠ್ಯ ಈಗಲೂ ಕೆಲವೊಮ್ಮೆ ಬರುತ್ತದೆ. ಅದು ಮೂರರಲ್ಲಿಯೂ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ, ಏಕೆಂದರೆ ಟರ್ಮಿನಲ್‌ನಲ್ಲಿ ಆ ಪತ್ರಕ್ಕೆ ಮಾತ್ರ ಬೇರೆ ಫಾಂಟ್ ಹಾಕಲು ಬರುವುದಿಲ್ಲ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಸ್ಕ್ರಿಪ್ಟ್ ಇಟ್ಟುಕೊಂಡರೆ, ಮಟ್‌ನ ಪೈಪ್ ಕೀಲಿಯಿಂದ ತೆರೆದ ಪತ್ರವನ್ನು ನೇರವಾಗಿ ಅದಕ್ಕೆ ಹಾಯಿಸಬಹುದು.

ಪಾಸ್‌ವರ್ಡ್ ವಿಷಯದಲ್ಲಿ ಮೂರಕ್ಕೂ ಒಂದೇ ಎಚ್ಚರಿಕೆ. ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಸಾಮಾನ್ಯ ಪಾಸ್‌ವರ್ಡ್ ಕೊಟ್ಟು ಇಂಥ ತಂತ್ರಾಂಶಗಳಿಂದ ಪ್ರವೇಶಿಸುವುದನ್ನು ಗೂಗಲ್ 2022ರ ಮೇ ಕೊನೆಯಲ್ಲಿ ನಿಲ್ಲಿಸಿತು. ಎರಡು ಹಂತದ ದೃಢೀಕರಣ ಹಾಕಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು, ಅದನ್ನು ಜಿಪಿಜಿಯಿಂದ ಗೂಢಲಿಪಿಯಲ್ಲಿ ಇಡುವ ಪಾಸ್ ಎಂಬ ಸಾಧನಕ್ಕೆ ಒಪ್ಪಿಸುವುದು ಸರಿಯಾದ ಕ್ರಮ. ಏರ್ಕ್ ಈ ವಿಷಯದಲ್ಲಿ ಮೆಚ್ಚುವಷ್ಟು ಕಟ್ಟುನಿಟ್ಟು: ಖಾತೆಯ ಕಡತವನ್ನು ಯಂತ್ರದ ಇತರ ಬಳಕೆದಾರರು ಓದುವಂತಿದ್ದರೆ ಅದು ತೆರೆದುಕೊಳ್ಳುವುದೇ ಇಲ್ಲ.

ಯಾವುದರಿಂದ ಆರಂಭಿಸಲಿ ಎಂದು ಕೇಳುವವರಿಗೆ, ಮಡಿಕೇರಿ ಅಥವಾ ಕುಶಾಲನಗರ ಪೇಟೆಯಲ್ಲಿ ಫೈಬರ್ ಲೈನ್ ಇದ್ದು ಬರೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಾದರೆ ಏರ್ಕ್, ಸಂರಚನೆಗೆ ಸಮಯವಿಲ್ಲದವರಿಗೆ ಆಲ್ಪೈನ್, ಒಳಗಿನ ತೋಟಗಳಲ್ಲಿರುವವರಿಗೆ ಮಟ್ ಎನ್ನುತ್ತೇನೆ. ಆಲ್ಪೈನ್‌ನಿಂದ ಆರಂಭಿಸಿದವರು ಮುಂದೆ ಮಟ್‌ಗೆ ಬರುವುದಾದರೆ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ. ಆಲ್ಪೈನ್ ಯಂತ್ರದಲ್ಲಿ ಉಳಿಸಿರುವ ಎಂಬಾಕ್ಸ್ ಕಡತಗಳನ್ನು ಮಟ್ ಹಾಗೆಯೇ ತೆರೆಯುತ್ತದೆ. ದೊಡ್ಡ ಟಿ ಒತ್ತಿ ಎಲ್ಲ ಪತ್ರಗಳನ್ನೂ ಗುರುತಿಸಿ, ಅರ್ಧವಿರಾಮದ ಕೀಲಿಯ ನಂತರ ಎಸ್ ಒತ್ತಿ ಮೇಲ್‌ಡಿರ್ ಪೆಟ್ಟಿಗೆಯ ಹೆಸರು ಕೊಟ್ಟರೆ ಅವೆಲ್ಲ ಹೊಸ ಸಂಗ್ರಹಕ್ಕೆ ಬರುತ್ತವೆ, ಮುಂದಿನ ಸಿಂಕ್‌ನಲ್ಲಿ ಎಂಬಿಸಿಂಕ್ ಅವನ್ನು ಸರ್ವರಿಗೂ ಏರಿಸುತ್ತದೆ. ವಿಳಾಸ ಪುಸ್ತಕ ಮಾತ್ರ ತಾನಾಗಿ ಬರುವುದಿಲ್ಲ. ಆಲ್ಪೈನ್ ಅದನ್ನು ಟ್ಯಾಬ್ ಅಂತರದ ಸರಳ ಪಠ್ಯವಾಗಿ ಇಡುವುದರಿಂದ, ಅಡ್ಡಹೆಸರು, ಹೆಸರು, ವಿಳಾಸ ಈ ಮೂರು ಕಾಲಂಗಳನ್ನು ಮಟ್‌ನ ಏಲಿಯಾಸ್ (ಅಡ್ಡಹೆಸರಿನ) ಸಾಲುಗಳಾಗಿ ಮಾಡಲು, ಪಠ್ಯವನ್ನು ಸಂಸ್ಕರಿಸುವ ಆಕ್ ಎಂಬ ಸಾಧನದ ಒಂದು ಸಾಲಿನ ಆಜ್ಞೆ ಸಾಕಾಗುತ್ತದೆ.