ಸೇಡಂ ರಸ್ತೆಯ ಜಿಮ್: ಸಾಮಾನು ಚಲೋ, ಚಾರ್ಟ್ ತಿದ್ದಿಕೊಳ್ಳಿ

ತೂಕವನ್ನೂ ಎತ್ತಬೇಕು, ಓಡಲೂ ಬೇಕು, ಮೊಣಕಾಲು ಮಾತ್ರ ಕೈಕೊಡಬಾರದು ಅನ್ನುವವರಿಗೆ ಕಲಬುರಗಿಯ ಸೇಡಂ ರಸ್ತೆಯ ಈ ಜಿಮ್ ಮೂರು ತಿಂಗಳ ಪ್ಯಾಕೇಜ್ ಕೊಡುತ್ತದೆ. ಓಟ, ಸೈಕಲ್ಲಿನಂಥ ಕಾರ್ಡಿಯೋಗೆ ಬೇರೆ ದುಡ್ಡು ಕೇಳುವುದಿಲ್ಲ.

ಸಾಮಾನಿನಲ್ಲಿ ಮೆಚ್ಚಬೇಕಾದ್ದು 1.25 ಕೆಜಿ ಪ್ಲೇಟು. ಸಣ್ಣ ಪ್ಲೇಟೇ 2.5 ಕೆಜಿ ಆಗಿದ್ದರೆ ಎರಡೂ ಬದಿ ಸೇರಿ ಒಮ್ಮೆಲೆ 5 ಕೆಜಿ ಏರಿಸಬೇಕಾಗುತ್ತದೆ. ಮಲಗಿ ಬಾರ್ ಎತ್ತುವ ಬೆಂಚ್ ಪ್ರೆಸ್‌ನಲ್ಲಿ 40ರಿಂದ 45ಕ್ಕೆ ಜಿಗಿದರೆ ಮೊದಲು ದೂರು ಕೊಡುವುದು ಭುಜ. ಬಾರ್ ಹೊತ್ತು ಕುಳಿತೇಳುವ ಸ್ಕ್ವಾಟ್ ರ‍್ಯಾಕ್‌ಗೆ, ಬಾರ್ ಜಾರಿದರೆ ತಡೆಯುವ ಸೇಫ್ಟಿ ಪಿನ್ ಇದೆ, ಆದರೆ ಹಾಕುವವರು ಕಡಿಮೆ. ಪೂರ್ತಿ ಕುಳಿತಾಗ ಬಾರ್ ಇರುವ ಮಟ್ಟಕ್ಕಿಂತ ಒಂದು ತೂತು ಕೆಳಗೆ ಹಾಕಿಕೊಳ್ಳಿ.

ಸೈಕಲ್ಲುಗಳ ಸೀಟಿನ ಪಿನ್ ಸವೆದಿದೆ, ತುಳಿಯುತ್ತಿದ್ದಂತೆ ಸೀಟು ಇಳಿಯುತ್ತದೆ. ತಗ್ಗಿದ ಸೀಟಿನಲ್ಲಿ ಮೊಣಕಾಲು ಹೆಚ್ಚು ಮಡಚಿ ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೇರವಾದರೆ ಎತ್ತರ ಸರಿ. ಮುಂಗಾಲಿನಿಂದ ತುಳಿಯುವಾಗ ಅದೇ ಎತ್ತರದಲ್ಲಿ ಮೊಣಕಾಲು ಸುಮಾರು 25–35 ಡಿಗ್ರಿ ಬಾಗುತ್ತದೆ.

ನಿಜವಾದ ತಕರಾರು ಗೋಡೆಯ ಮೇಲಿನ ಚಾರ್ಟ್‌ನದು. ಸೋಮವಾರ ಸ್ಕ್ವಾಟ್, ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್. ಮಂಗಳವಾರ ಸ್ಪ್ರಿಂಟ್! ಭಾರ ಎತ್ತಿದ ಸ್ನಾಯುವಿನ ನೋವು ಜೋರಾಗುವುದೇ 24ರಿಂದ 72 ಗಂಟೆಯೊಳಗೆ. ದಣಿದ ತೊಡೆಯಲ್ಲಿ ಪೂರ್ತಿ ವೇಗಕ್ಕೆ ಹೋದರೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂದಿನ ಸ್ನಾಯು) ಎಳೆಯುವ ಅಪಾಯ ಹೆಚ್ಚು. ಹಾಗಂತ ಕಾರ್ಡಿಯೋ ಮಾಡಿದರೆ ಬಲ ಕರಗುತ್ತದೆ ಎಂದು ಹೆದರಿಸುವವರ ಮಾತೂ ಬೇಡ. 1980ರಲ್ಲಿ ಸಂಶೋಧಕ ರಾಬರ್ಟ್ ಹಿಕ್ಸನ್ 10 ವಾರ ತೂಕ, ಕಾರ್ಡಿಯೋ ಎರಡನ್ನೂ ಒಟ್ಟಿಗೆ ಮಾಡಿಸಿದಾಗ ಕೊನೆಯ ವಾರಗಳಲ್ಲಿ ಕಾಲಿನ ಬಲ ಇಳಿದದ್ದು ನಿಜ. ಆದರೆ ಅಲ್ಲಿ ವಾರಕ್ಕೆ 5 ದಿನ ತೂಕ, 6 ದಿನ ಓಟ-ಸೈಕಲ್ ಇತ್ತು. ಆಫೀಸು ಮುಗಿಸಿ ಬರುವವರು ಅದರ ಅರ್ಧವನ್ನೂ ಮಾಡುವುದಿಲ್ಲ.

ಚಾರ್ಟನ್ನು ಹೀಗೆ ಬದಲಿಸಿಕೊಳ್ಳಬಹುದು: ಸೋಮವಾರ ಕಾಲು, ಮಂಗಳವಾರ ಎದೆ-ಬೆನ್ನು ಮತ್ತು 30 ನಿಮಿಷ ಹಗುರ ಸೈಕಲ್, ಬುಧವಾರ ಅಪ್ಪನ ಕೆರೆಯ ಸುತ್ತ ನಡಿಗೆ ಸಾಕು. ಇಂಟರ್ವಲ್ ಗುರುವಾರಕ್ಕೆ ಹೋಗಲಿ, 1 ನಿಮಿಷ ಜೋರು, 2 ನಿಮಿಷ ನಿಧಾನ, ಆರು ಸಲ. ಶುಕ್ರವಾರ ಭುಜ-ತೋಳು, ಶನಿವಾರ ಮಾತಾಡಿಕೊಂಡು ಹೋಗುವಷ್ಟು ವೇಗದಲ್ಲಿ 40 ನಿಮಿಷ ಓಟ, ಭಾನುವಾರ ರಜೆ. ಹೊಸಬರು ಆ 40 ನಿಮಿಷವನ್ನು ಓಟ-ನಡಿಗೆ ಬೆರೆಸಿ ಶುರು ಮಾಡಬೇಕು, ಇಲ್ಲದಿದ್ದರೆ ಮೊಣಕಾಲ ಕೆಳಗಿನ ಎಲುಬು ನೋಯತೊಡಗುತ್ತದೆ.

ಸ್ಕ್ವಾಟ್‌ಗೆ ಮುಂಚೆ 20 ನಿಮಿಷ ಟ್ರೆಡ್‌ಮಿಲ್ ಓಡಿಸುವ ರೂಢಿಯೂ ಇಲ್ಲಿದೆ. ಮೈ ಬಿಸಿಯಾಗಲು 5–8 ನಿಮಿಷ ಸಾಕು, ಆಮೇಲೆ ಖಾಲಿ ಬಾರ್‌ನಲ್ಲಿ ಎರಡು ಸೆಟ್. ಎರಡನ್ನೂ ಒಂದೇ ದಿನ ಗಟ್ಟಿಯಾಗಿ ಮಾಡುವವರು ಮುಂಜಾನೆ ತೂಕ, ಸಂಜೆ ಓಟ ಇಟ್ಟುಕೊಂಡು ನಡುವೆ ಕನಿಷ್ಠ 6 ಗಂಟೆ ಬಿಡಬೇಕು.

ಟ್ರೇನರ್‌ಗಳು ಕಾಳಜಿಯವರು, ಆದರೆ "ಇನ್ನೆರಡು ಹೊಡೀರಿ ಸರ್" ಬಿಡುವುದಿಲ್ಲ. ಡೆಡ್‌ಲಿಫ್ಟ್‌ನಲ್ಲಿ ಆ ಕೊನೆಯ ಎರಡರಲ್ಲೇ ಬೆನ್ನು ಗೂನಾಗುತ್ತದೆ. ಇನ್ನೆರಡು ಆಗುತ್ತದೆ ಅನ್ನಿಸಿದಾಗಲೇ ಬಾರ್ ಇಳಿಸಿ. ಮೆತ್ತನೆಯ ರನ್ನಿಂಗ್ ಶೂನಲ್ಲಿ ಸ್ಕ್ವಾಟ್ ಮಾಡಿಸುವುದೂ ಸರಿಯಲ್ಲ, ಹಿಮ್ಮಡಿ ಓಲಾಡುತ್ತದೆ. ಚಪ್ಪಟೆ ಅಡಿಯ ಶೂ ಬೇರೆ ತನ್ನಿ.

ಕಾರ್ಡಿಯೋ ಬದಿಗೆ ಎಸಿ ಇಲ್ಲ, ಬರೀ ಫ್ಯಾನು. ಏಪ್ರಿಲ್-ಮೇನಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟಿದಾಗ ಅದೇ ವೇಗಕ್ಕೆ ಎದೆಬಡಿತ ಹೆಚ್ಚಾಗುತ್ತದೆ. ಪರದೆಯ ಮೇಲಿನ ವೇಗ ನೋಡದೆ ಉಸಿರು ನೋಡಿ ಓಡಬೇಕು. ತಲೆ ತಿರುಗಿದರೆ, ಚಳಿ ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

ಪ್ರೋಟೀನ್ ಡಬ್ಬ ಕೊಳ್ಳಿ ಎಂಬ ಒತ್ತಾಯಕ್ಕೆ ಕಿವಿಗೊಡಬೇಕಿಲ್ಲ. ಕಿಲೋ ಮೈತೂಕಕ್ಕೆ 1.6 ಗ್ರಾಂ ಲೆಕ್ಕದಲ್ಲಿ 60 ಕೆಜಿಯವರಿಗೆ ದಿನಕ್ಕೆ 96 ಗ್ರಾಂ ಬೇಕು. ರೊಟ್ಟಿ, ಬೇಳೆ, ಶೇಂಗಾ ಹಿಂಡಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಇವನ್ನು ಎಣಿಸಿದ ಮೇಲೆ ಕೊರತೆ ಕಂಡರೆ ಆಗ ಡಬ್ಬ.

ಸೇರುವ ಮುಂಚೆ ಸಂಜೆ 7ಕ್ಕೆ ಒಮ್ಮೆ ಹೋಗಿ ನೋಡಿ, ರ‍್ಯಾಕ್‌ಗೆ ಸರದಿ ಇರುತ್ತದೆ. ಮುಂಜಾನೆಯ ಮೊದಲ ಬ್ಯಾಚೇ ವಾಸಿ.