ಬಚ್ಚಲುಮನೆಯ ಪ್ಲಾಸ್ಟಿಕ್‌ಗೆ ಬದಲಿಗಳು: ಶಾಂಪೂ ಬಾರ್, ಸೇಫ್ಟಿ ರೇಜರ್, ಬಿದಿರಿನ ಬ್ರಷ್

ಪರಿಸರಸ್ನೇಹಿ ಎಂಬ ಹೆಸರಿನಲ್ಲಿ ಮಾರಾಟವಾಗುವ ವಸ್ತುಗಳನ್ನು ಅಳೆಯುವಾಗ ಅವು ಯಾವುದರಿಂದ ತಯಾರಾಗಿವೆ ಎಂಬುದನ್ನಷ್ಟೇ ನೋಡಿದರೆ ಸಾಲದು. ಎಷ್ಟು ಕಾಲ ಬಾಳಿಕೆ ಬರುತ್ತವೆ, ಬಳಸಿ ಮುಗಿದ ಮೇಲೆ ಕಸದ ಬುಟ್ಟಿಗೆ ಏನನ್ನು ಸೇರಿಸುತ್ತವೆ ಎಂಬ ಎರಡು ಪ್ರಶ್ನೆಗಳೇ ಮುಖ್ಯ. ಬಚ್ಚಲುಮನೆಯಲ್ಲಿ ನಾನು ದಿನವೂ ಬಳಸುತ್ತಿರುವ ಕೆಲವು ಬದಲಿ ವಸ್ತುಗಳನ್ನು ಇದೇ ಅಳತೆಯಲ್ಲಿ ಇಲ್ಲಿ ಪರಿಶೀಲಿಸಿದ್ದೇನೆ.

ಇವುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಉಕ್ಕಿನ ಸೇಫ್ಟಿ ರೇಜರ್‌ಗೆ. ಬದಲಾಯಿಸಬಹುದಾದ ತೆಳು ಬ್ಲೇಡಿನ ರೇಜರ್‌ಗೆ ಕಿಂಗ್ ಕ್ಯಾಂಪ್ ಜಿಲೆಟ್ ಅವರಿಗೆ ಪೇಟೆಂಟ್ ದೊರೆತದ್ದು 1904ರಲ್ಲಿ. ಪೂರ್ತಿಯಾಗಿ ಎಸೆದುಬಿಡುವ ಪ್ಲಾಸ್ಟಿಕ್ ರೇಜರನ್ನು ಬಿಕ್ ಕಂಪನಿ ಮಾರುಕಟ್ಟೆಗೆ ತಂದದ್ದು 1975ರಲ್ಲಿ. ಪ್ಲಾಸ್ಟಿಕ್ ರೇಜರಿನಲ್ಲಿ ಲೋಹ, ಪ್ಲಾಸ್ಟಿಕ್, ರಬ್ಬರ್ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಅವನ್ನು ಬೇರ್ಪಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ಸೇಫ್ಟಿ ರೇಜರಿನಲ್ಲಿ ಕಸವಾಗುವುದು ಒಂದು ತೆಳು ಬ್ಲೇಡ್ ಮತ್ತು ಅದನ್ನು ಸುತ್ತಿದ ಕಾಗದ ಮಾತ್ರ. ಕೊಳ್ಳುವಾಗ ಗಮನಿಸಬೇಕಾದ ಅಂಶವೆಂದರೆ ಅದರ ಲೋಹ. ಸತುವಿನ ಮಿಶ್ರಲೋಹವನ್ನು ಎರಕ ಹೊಯ್ದು ಮೇಲೆ ಹೊಳಪಿನ ಲೇಪ ಕೊಟ್ಟ ರೇಜರುಗಳಲ್ಲಿ, ಲೇಪ ಕಿತ್ತುಹೋದ ಮೇಲೆ ತಿರುಪಿನ ಭಾಗ ತುಕ್ಕು ಹಿಡಿದಂತಾಗಿ ಮುರಿಯುವ ಸಂಭವವಿದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದ್ದನ್ನು ಒಮ್ಮೆ ಕೊಂಡರೆ ದಶಕಗಳ ಕಾಲ ಬಳಸಬಹುದು. ಬೆಲೆ ಹೆಚ್ಚಾದರೂ ಅದೇ ಉಳಿತಾಯದ ದಾರಿ.

ಬಳಕೆಯನ್ನು ಮಾತ್ರ ಕಲಿಯಲೇಬೇಕು. ಪ್ಲಾಸ್ಟಿಕ್ ರೇಜರಿನ ತಲೆ ಚರ್ಮದ ಏರಿಳಿತಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಇಲ್ಲಿ ಆ ಕೆಲಸ ನಮ್ಮ ಕೈಯದು. ಹಿಡಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಹಿಡಿದು, ಒತ್ತದೆ, ರೇಜರಿನ ತೂಕಕ್ಕೇ ಕೆಲಸ ಬಿಟ್ಟು, ಸಣ್ಣ ಸಣ್ಣ ಎಳೆತಗಳಲ್ಲಿ ಕೂದಲು ಬೆಳೆದ ದಿಕ್ಕಿನಲ್ಲೇ ಸಾಗಬೇಕು. ಹಳೆಯ ಬ್ಲೇಡುಗಳನ್ನು ಕಸದೊಡನೆ ಬಿಡಿಬಿಡಿಯಾಗಿ ಹಾಕಿದರೆ ಕಸ ಎತ್ತುವವರ ಕೈಗೆ ಗಾಯವಾಗುತ್ತದೆ. ಆದ್ದರಿಂದ ಮುಚ್ಚಳದಲ್ಲಿ ಸೀಳು ಮಾಡಿದ ತಗಡಿನ ಡಬ್ಬಿಯೊಂದರಲ್ಲಿ ಅವನ್ನು ಕೂಡಿಡುತ್ತಾ ಹೋಗಿ, ತುಂಬಿದ ಮೇಲೆ ಸೀಳನ್ನು ಭದ್ರವಾಗಿ ಮುಚ್ಚಿ, ಬ್ಲೇಡುಗಳಿವೆ ಎಂದು ಮೇಲೆ ಬರೆದು, ಲೋಹದ ಗುಜರಿಯವರಿಗೆ ತಿಳಿಸಿಯೇ ಕೊಡಬೇಕು. ವಿಮಾನ ಪ್ರಯಾಣದಲ್ಲಿ ಈ ಬ್ಲೇಡುಗಳನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ ಎಂಬುದೊಂದು ನಿಜವಾದ ಅನನುಕೂಲ.

ಶಾಂಪೂ ಬಾರ್ ಬಗ್ಗೆ ಹೊಗಳಿಕೆ ಮತ್ತು ತೆಗಳಿಕೆ ಎರಡೂ ಕೇಳಿಬರುತ್ತವೆ. ಇದಕ್ಕೆ ಕಾರಣವಿದೆ: ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಮೊದಲನೆಯದು ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ ಸಾಮಾನ್ಯ ಸಾಬೂನು. ಅದರ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಸಾಧಾರಣವಾಗಿ 9ರಿಂದ 10ರಷ್ಟಿದ್ದರೆ, ನೆತ್ತಿಯ ಚರ್ಮದ ಪಿಎಚ್ ಸುಮಾರು 5.5. ನೀರು ಗಡಸಾಗಿದ್ದರೆ ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ನೀರಿನಲ್ಲಿ ಕರಗದ ಗಸಿಯಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ತಲೆಸ್ನಾನದ ಬಳಿಕವೂ ಕೂದಲು ಜಿಗುಟಾಗಿದೆ ಎಂಬ ದೂರಿಗೆ ಬಹುತೇಕ ಇದೇ ಮೂಲ. ಎರಡನೆಯದು ದ್ರವ ಶಾಂಪೂವಿನಲ್ಲಿ ಇರುವಂಥದ್ದೇ ಶುದ್ಧೀಕಾರಕಗಳನ್ನು ನೀರಿಲ್ಲದೆ ಒತ್ತಿ ಮಾಡಿದ ಬಿಲ್ಲೆ; ಇದು ಗಡಸು ನೀರಿನಲ್ಲೂ ಚೆನ್ನಾಗಿ ನೊರೆ ಕೊಡುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಮೊದಲಲ್ಲೇ ಇದ್ದರೆ ಅದು ಈ ಎರಡನೆಯ ಬಗೆ. ಸೋಡಿಯಂ ಕೊಕೊಯೇಟ್ ಅಥವಾ ಸೋಡಿಯಂ ಪಾಮೇಟ್ ಇದ್ದರೆ ಸಾಬೂನು. ಗಡಸು ನೀರಿನವರು ಎರಡನೆಯದನ್ನೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮೊದಲ ಬಗೆಯನ್ನು ಕೊಂಡು ಬೇಸತ್ತವರು ಪ್ಲಾಸ್ಟಿಕ್ ಬಾಟಲಿಗೆ ಮರಳುವುದಲ್ಲದೆ ಮತ್ತಾವ ಬದಲಾವಣೆಯನ್ನೂ ನಂಬದಂತಾಗುತ್ತಾರೆ.

ದ್ರವ ಶಾಂಪೂವಿನ ಬಹುಪಾಲು ನೀರೇ ಆಗಿರುವುದರಿಂದ, ಬಾರ್ ಬಳಸಿದಾಗ ಬಾಟಲಿಯ ಜೊತೆಗೆ ಆ ನೀರನ್ನು ಸಾಗಿಸುವ ಹೊರೆಯೂ ತಪ್ಪುತ್ತದೆ. ಆದರೆ ಬಾರ್ ಬಾಳುವುದು ಅದನ್ನು ಇಡುವ ರೀತಿಯ ಮೇಲೆ. ನೀರು ನಿಲ್ಲುವ ತಟ್ಟೆಯಲ್ಲಿಟ್ಟರೆ ಅರ್ಧದಷ್ಟು ಕರಗಿ ಹರಿದುಹೋಗುತ್ತದೆ. ತಳದಲ್ಲಿ ಕಿಂಡಿಗಳಿರುವ ತಟ್ಟೆಯಲ್ಲಿ, ಗಾಳಿಯಾಡುವ ಕಡೆ ಇಡಬೇಕು. ದೊಡ್ಡ ಬಿಲ್ಲೆಯಾದರೆ ಎರಡು ತುಂಡು ಮಾಡಿ ಒಂದನ್ನು ಒಣಗಿದಂತೆ ಎತ್ತಿಡುವುದು ಲೇಸು.

ಬಿದಿರಿನ ಹಲ್ಲುಜ್ಜುವ ಬ್ರಷ್ ಈ ಮೂರರಲ್ಲಿ ಹೆಚ್ಚು ಪ್ರಚಾರ ಪಡೆದದ್ದು, ನನ್ನ ಲೆಕ್ಕದಲ್ಲಿ ಕಡಿಮೆ ಉಪಕಾರದ್ದು. ಅದರ ಹಿಡಿ ಮಣ್ಣಿನಲ್ಲಿ ಕೊಳೆಯುತ್ತದೆ, ನಿಜ. ಆದರೆ ಎಳೆಗಳು ಸಾಮಾನ್ಯವಾಗಿ ನೈಲಾನಿನವು, 1938ರಲ್ಲಿ ಬ್ರಷ್‌ಗಳಿಗೆ ಬಂದ ಅದೇ ವಸ್ತು. ಗೊಬ್ಬರದ ಗುಂಡಿಗೆ ಹಾಕುವ ಮೊದಲು ಇಕ್ಕಳದಿಂದ ಎಳೆಗಳನ್ನು ಕಿತ್ತು ತೆಗೆಯಬೇಕು. ಎಷ್ಟೋ ಪೊಟ್ಟಣಗಳ ಮೇಲೆ ಈ ಸೂಚನೆಯೇ ಇರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬ್ರಷ್ ಬದಲಿಸಬೇಕಾದ್ದರಿಂದ ಹಿಡಿಯ ಪ್ಲಾಸ್ಟಿಕ್ ಉಳಿತಾಯವಾಗುವುದೂ ಸಣ್ಣದೇನಲ್ಲ. ಹಿಡಿಯನ್ನು ಉಳಿಸಿಕೊಂಡು ತಲೆಯನ್ನಷ್ಟೇ ಬದಲಿಸುವ ಬ್ರಷ್ ಕೂಡ ಪರಿಗಣಿಸಲು ಯೋಗ್ಯವಾಗಿದೆ.

ಮೈ ಉಜ್ಜಲು ಪ್ಲಾಸ್ಟಿಕ್ ಜಾಲರಿಯ ಬದಲು ಒಣಗಿದ ಹೀರೆಯ ನಾರು ಬಳಸುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಪೂರ್ತಿಯಾಗಿ ಮಣ್ಣು ಸೇರುತ್ತದೆ; ಪ್ರತಿ ಸಲ ಹಿಂಡಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಅಷ್ಟೇ.

ಈ ವಸ್ತುಗಳನ್ನು ಮಾರುವವರಲ್ಲಿ ಕೆಲವರು ಪ್ರತಿಯೊಂದಕ್ಕೂ ಒಂದು ಹತ್ತಿಬಟ್ಟೆಯ ಚೀಲವನ್ನು ಉಚಿತವಾಗಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಮಾನ್ಯ ಹತ್ತಿಯ ಕೈಚೀಲವೊಂದು ತೆಳು ಪ್ಲಾಸ್ಟಿಕ್ ಕೈಚೀಲಕ್ಕಿಂತ ಹವಾಮಾನಕ್ಕೆ ಹಗುರವಾಗಬೇಕಾದರೆ ಅದನ್ನು ಕನಿಷ್ಠ 52 ಬಾರಿ ಬಳಸಬೇಕು. ಪರಿಸರದ ಮೇಲಿನ ಎಲ್ಲ ಬಗೆಯ ಪರಿಣಾಮಗಳನ್ನೂ ಲೆಕ್ಕಕ್ಕೆ ಹಿಡಿದರೆ ಆ ಸಂಖ್ಯೆ 7,100ಕ್ಕೆ ಏರುತ್ತದೆ. ಸಾಬೂನಿನಷ್ಟು ಗಾತ್ರದ ವಸ್ತುವನ್ನು ತಂದ ಪುಟ್ಟ ಚೀಲಕ್ಕೆ ಮನೆಯಲ್ಲಿ ಅಷ್ಟು ಕೆಲಸ ಎಲ್ಲಿಂದ ಬರಬೇಕು? ತೆಳುವಾದ ಕಾಗದದ ಹೊದಿಕೆ ಅದಕ್ಕೆ ಸಾಕು. ಎರಡೂ ಬಗೆಯಲ್ಲಿ ಕಳುಹಿಸುವ ಮಾರಾಟಗಾರರಿಗೆ ಚೀಲ ಬೇಡವೆಂದು ಬೇಡಿಕೆಯಲ್ಲೇ ಬರೆದು ತಿಳಿಸಿ.