ನಮ್ಮ ಬೀದಿಯ ಕಾಫಿಪುಡಿ ಅಂಗಡಿ, ಒಂದು ತಕರಾರಿನೊಂದಿಗೆ

ಬಸವನಗುಡಿಯಲ್ಲಿ ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಈ ಅಂಗಡಿ. ಫಲಕ ಮಾಸಿದೆ, ಹುರಿದ ಬೀಜದ ವಾಸನೆಯೇ ದಾರಿ ತೋರಿಸುತ್ತದೆ. ಹನ್ನೊಂದು ವರ್ಷದಿಂದ ನಾನು ಕೇಳುವುದು ಒಂದೇ: ಬೀಜದಲ್ಲಿ ಅರ್ಧ ಪೀಬೆರಿ ಎಂಬ ಗುಂಡು ಬೀಜ, ಅರ್ಧ ಪ್ಲಾಂಟೇಶನ್ ಎ ಎಂಬ ದಪ್ಪ ಅರೇಬಿಕಾ ಬೀಜ, ಪುಡಿಯಲ್ಲಿ ನೂರಕ್ಕೆ 15 ಚಿಕೋರಿ, ಅಂದರೆ ಹುರಿದ ಬೇರಿನ ಪುಡಿ. ನಿಯಮ ನೂರಕ್ಕೆ 49ರವರೆಗೆ ಚಿಕೋರಿ ಬೆರೆಸಲು ಒಪ್ಪುತ್ತದೆ, ನನ್ನ ನಾಲಿಗೆ ಒಪ್ಪುವುದಿಲ್ಲ. ಹಾಗೆಂದು ಚಿಕೋರಿಯೇ ಬೇಡ ಎನ್ನುವವರೊಂದಿಗೂ ನನಗೆ ಹೊಂದಿಕೆಯಿಲ್ಲ. ಅದಿಲ್ಲದೆ ಡಿಕಾಕ್ಷನ್ ತೆಳ್ಳಗಾಗುತ್ತದೆ.

ಎದುರಿಗೇ ಬೀಸಿ ಕೊಡುತ್ತಾರೆ, ಪೊಟ್ಟಣ ಕೈಯಲ್ಲಿ ಬೆಚ್ಚಗಿರುತ್ತದೆ. ತಕರಾರು ಇಲ್ಲೇ. ಹಳೆಯ ಯಜಮಾನರು ಯಾವ ಫಿಲ್ಟರ್, ಎಷ್ಟು ಜನ ಎಂದು ವಿಚಾರಿಸಿಯೇ ಬೀಸುತ್ತಿದ್ದರು. ಹೊಸ ಹುಡುಗ ಕಳೆದ ತಿಂಗಳು ಮೈದಾದಂತೆ ನುಣ್ಣಗೆ ಬೀಸಿಬಿಟ್ಟ. ರಾತ್ರಿ ಹಾಕಿದ ನೀರು ಬೆಳಿಗ್ಗೆಯೂ ಮೇಲಿನ ಡಬ್ಬಿಯಲ್ಲೇ ನಿಂತಿತ್ತು. ತಟ್ಟಿದೆ, ಮುಚ್ಚಳ ತೆಗೆದೆ, ಕೊನೆಗೆ ಚಮಚದಿಂದ ಕೆದಕಿದೆ. ಇಳಿದದ್ದು ಕೆಸರು. ಅತ್ತೆಯವರು ಏನೂ ಮಾತಾಡದೆ ಬರೀ ಹಾಲು ಕುಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆದರೂ ಅಂಗಡಿ ಬಿಟ್ಟಿಲ್ಲ. ‘ಸ್ವಲ್ಪ ತರಿಯಾಗಿರಲಿ’ ಎಂದು ಬಾಯಿಬಿಟ್ಟು ಹೇಳಿದರೆ ಸರಿಯಾಗಿಯೇ ಕೊಡುತ್ತಾರೆ. ಒಮ್ಮೆಗೆ 250 ಗ್ರಾಂಗಿಂತ ಹೆಚ್ಚು ಕೊಳ್ಳಬೇಡಿ, ಪರಿಮಳ ಬೇಗ ಇಳಿಯುತ್ತದೆ. ಪುಡಿಯನ್ನು ಅದುಮದೆ ಹಗುರವಾಗಿ ಒತ್ತಿ, ಕುದಿ ಆಗಷ್ಟೇ ಅಡಗಿದ ನೀರು ಹಾಕಿ. ಹಾಲು ಮಾತ್ರ ಒಲೆಯಿಂದ ನೇರವಾಗಿ ಲೋಟಕ್ಕೆ ಬರಬೇಕು. ಎರಡನೆಯ ಡಿಕಾಕ್ಷನ್ನನ್ನು ನಾನು ನೆಂಟರಿಗೂ ಕೊಡುವುದಿಲ್ಲ.

ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ.